ಮೂರು ಬದಿಗೆ ಖಾಕಿ ಕಾಗದ

ಬೋಧನಾಭ್ಯಾಸದ ಎರಡನೆಯ ವಾರ. ಕೂಡ್ಲಿಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿಗೆ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’ ಪಾಠ ಮಾಡಬೇಕಿತ್ತು. ಪಾಠಯೋಜನೆಯಲ್ಲಿ ನಮ್ಮ ತಾಲ್ಲೂಕಿನದೇ ಗುಡೇಕೋಟೆ ಕರಡಿಧಾಮದ ಉದಾಹರಣೆ ಬರೆದುಕೊಂಡಿದ್ದೆ. ಅಂದು ಬೆಳಿಗ್ಗೆ ಸ್ಟೋರ್ ರೂಮಿನ ಹಳೆಯ ಅಕ್ವೇರಿಯಂ ಪೆಟ್ಟಿಗೆಯಲ್ಲಿ ಮರಿ ಕೇರೆಹಾವೊಂದು ಸಿಕ್ಕಿಬಿದ್ದಿತ್ತು. ಅಟೆಂಡರ್ ಅಣ್ಣ ಮೇಲೆ ತಂತಿಜಾಲರಿ ಮುಚ್ಚಿ ಇಟ್ಟಿಗೆ ಇಟ್ಟರು. ಮುಖ್ಯಗುರುಗಳು ಅರಣ್ಯ ಇಲಾಖೆಗೆ ಫೋನ್ ಮಾಡಿದರು. ಮಧ್ಯಾಹ್ನ ಬರುವುದಾಗಿ ಉತ್ತರ ಬಂತು.

ನನ್ನದು ಮೂರನೆಯ ಅವಧಿ. ಜೀವಂತ ಬೋಧನೋಪಕರಣ ಸಿಕ್ಕಿತೆಂದು ಹಿಗ್ಗಿ ಪೆಟ್ಟಿಗೆಯನ್ನು ತರಗತಿಯ ಕಿಟಕಿಯ ಪಕ್ಕ ತರಿಸಿದೆ. ಮಕ್ಕಳು ನಾಲ್ಕೂ ಕಡೆಯಿಂದ ಮುತ್ತಿದರು, ಗಾಜು ಬಡಿದರು. ಹಾವು ಒಂದು ಮೂಲೆಯಿಂದ ಇನ್ನೊಂದಕ್ಕೆ ಹರಿಯುತ್ತ ಮೂತಿಯನ್ನು ಗಾಜಿಗೆ ತಿಕ್ಕುತ್ತಲೇ ಇತ್ತು. ಮೂತಿಯ ತುದಿ ಕೆಂಪಾಗಿದ್ದು ಕಂಡಾಗ ನನ್ನ ಹಿಗ್ಗು ಇಳಿಯಿತು. ಹಾವಿಗೆ ಗಾಜು ಗೋಡೆಯೆಂದು ತಿಳಿಯದು. ಆಚೆ ಕಾಣುವುದೆಲ್ಲ ಅದಕ್ಕೆ ದಾರಿಯೇ. ಹೊರಕಿವಿ ಇಲ್ಲದಿದ್ದರೂ ಬಡಿತದ ಕಂಪನ ಅದರ ದವಡೆಯ ಮೂಲಕ ಒಳಕಿವಿಗೆ ಮುಟ್ಟುತ್ತದೆ. ರೆಪ್ಪೆಗಳಿಲ್ಲದ್ದರಿಂದ ಕಣ್ಣು ಮುಚ್ಚಿಕೊಳ್ಳಲೂ ಆಗದು.

ಬದಿಗಳನ್ನು ಮರೆಮಾಡೋಣವೆಂದು ಕಾಗದ, ಸೆಲ್ಲೋಟೇಪ್ ಹಿಡಿದು ಜಾಲರಿ ಸರಿಸಲು ಹೋದೆ. ಅಟೆಂಡರ್ ಅಣ್ಣ ಕೈ ಹಿಡಿದರು.

“ಒಳಗ ಟೇಪ್ ಹಚ್ಚಬ್ಯಾಡ್ರಿ ಸಾರ್. ಮೈಗೆ ಹತ್ತಿದ್ರ ಬಿಡಿಸೋವಾಗ ಚರ್ಮ ಕಿತ್ತು ಬರ್ತೈತಿ. ಹೊರಗಿಂದ ಕಟ್ರಿ.”

ಪುಸ್ತಕಕ್ಕೆ ರಟ್ಟು ಹಾಕುವ ಖಾಕಿ ಕಾಗದವನ್ನು ಹಿಂಬದಿ ಮತ್ತು ಎರಡು ಪಕ್ಕಗಳಿಗೆ ಹೊರಗಿನಿಂದ ಸುತ್ತಿ ದಾರದಿಂದ ಬಿಗಿದೆವು. ಗಾಳಿಯಾಡಲೆಂದು ಜಾಲರಿಯನ್ನು ಮುಚ್ಚಲಿಲ್ಲ. ಹಾವು ತನ್ನ ಮೈಯ ಶಾಖವನ್ನು ನಮ್ಮಂತೆ ಹತೋಟಿಯಲ್ಲಿಡಲಾರದು, ಬಿಸಿಲಿಗೆ ಗಾಜಿನ ಪೆಟ್ಟಿಗೆ ಬೇಗ ಕಾಯುತ್ತದೆ. ಹಾಗಾಗಿ ಅದನ್ನು ಕಿಟಕಿಯಿಂದ ದೂರ, ನೆರಳಿನ ಮೂಲೆಗೆ ಸರಿಸಿದೆವು. ಮಕ್ಕಳನ್ನು ಬೆಂಚುಗಳಿಗೆ ಕಳಿಸಿದೆ. ಸ್ವಲ್ಪ ಹೊತ್ತಿನಲ್ಲೇ ಹಾವು ಕಾಗದದ ಕಡೆಯ ಮೂಲೆಯಲ್ಲಿ ಸುರುಳಿ ಸುತ್ತಿ ಸುಮ್ಮನಾಯಿತು.

“ವಿಡಿಯೋದಾಗ ಹಾವು ಸಾಕ್ತಾರಲ್ಲ ಸಾರ್?” ಎಂದ ಒಬ್ಬ. ಹೊರದೇಶಗಳಲ್ಲಿ ಸಾಕುವವರೂ ಹೀಗೆ ಮೂರು ಬದಿ ಮರೆಮಾಡುವುದುಂಟು, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕೇರೆಹಾವನ್ನು ಹಿಡಿದು ಸಾಕುವುದು ಅಪರಾಧ ಎಂದೆ. ಹೇಳುವಾಗಲೇ ನಾಲಿಗೆ ತಡವರಿಸಿತು. ಸಂರಕ್ಷಣೆಯ ಪಾಠಕ್ಕೆಂದು ನಾನೇ ಅದನ್ನು ಪ್ರದರ್ಶನಕ್ಕಿಟ್ಟಿದ್ದೆನಲ್ಲ!

ಮೌಲ್ಯಮಾಪನದ ಹಂತದಲ್ಲಿ, “ಹಾವು ಈಗ ಯಾಕೆ ಸುಮ್ಮನಾಯಿತು?” ಎಂದು ಕೇಳಿದೆ. ವಾರವಿಡೀ ಬಾಯಿ ಬಿಡದಿದ್ದ, ಕರಿಹಲಗೆಯ ಬಳಿ ಕರೆದರೆ ನಡುಗುತ್ತಿದ್ದ ಹುಡುಗಿ ಕುಳಿತಲ್ಲೇ ಹೇಳಿದಳು: “ಎಲ್ಲಾರೂ ನೋಡಾಕತ್ತಿದ್ರ ನನಗೂ ಹಂಗ ಆಗ್ತೈತಿ ಸಾರ್. ಈಗ ಅದಕ್ಕ ಮರಿ ಸಿಕ್ಕೈತಿ.”

ಮಧ್ಯಾಹ್ನ ಅರಣ್ಯ ಇಲಾಖೆಯವರು ಬಂದು ಹಾವನ್ನು ಒಯ್ದರು. ಅವಲೋಕನ ಪುಸ್ತಕದಲ್ಲಿ ಮೇಲ್ವಿಚಾರಕರು ಬರೆದಿದ್ದು ಒಂದೇ ಪ್ರಶ್ನೆ: “ಉಪಕರಣ ಮಕ್ಕಳಿಗಾಗಿಯೋ, ನಿಮ್ಮ ಅಂಕಗಳಿಗಾಗಿಯೋ?” ಅಂಕಗಳಿಗಾಗಿ ಎಂದೇ ಆತ್ಮಾವಲೋಕನದಲ್ಲಿ ಬರೆದೆ. ಮರುದಿನದಿಂದ ಆ ಹುಡುಗಿಯನ್ನು ಕರಿಹಲಗೆಗೆ ಕರೆಯುವ ಬದಲು, ಅವಳ ಬೆಂಚಿನ ಬಳಿಗೇ ಹೋಗಿ ಪ್ರಶ್ನೆ ಕೇಳತೊಡಗಿದೆ.