ಗಡಿಯಾರವಿಲ್ಲದ ಊರು

ಗೋಡೆಗೊಂದು, ಕೈಗೊಂದು ಗಡಿಯಾರವಿದ್ದರೂ ಪಟ್ಟಣದ ಗೃಹಸ್ಥನು ಜ್ವರದ ಮಾತ್ರೆಯನ್ನು ಮರೆಯುತ್ತಾನೆ. ಹಾಗೆಂದು ಅವನಿಗೆ ಮದ್ದು ಕೊಡಲಾಗದೆಂದು ಯಾವ ವೈದ್ಯನೂ ಹೇಳಿದ್ದಿಲ್ಲ. ಆದರೆ 2001ರಲ್ಲಿ ಅಮೆರಿಕದ ಹಿರಿಯ ಅಧಿಕಾರಿಯೊಬ್ಬರು ಆಫ್ರಿಕದ ಬಡವರ ವಿಷಯದಲ್ಲಿ ಹೀಗೆಯೇ ವಾದಿಸಿದರು: ಏಡ್ಸ್ ರೋಗದ ಗುಳಿಗೆಗಳನ್ನು ಹೊತ್ತಿಗೆ ಸರಿಯಾಗಿ ನುಂಗಬೇಕು, ಸೂರ್ಯನನ್ನು ನೋಡಿ ಹೊತ್ತು ತಿಳಿಯುವ ಜನಕ್ಕೆ ಅದು ಸಾಧ್ಯವಾಗದು.

ಈ ವಾದಕ್ಕೆ ಉತ್ತರವು ಹೈಟಿ ದೇಶದ ಕಾಂಜ್ ಎಂಬ ಊರಿನಲ್ಲಿ ಆಗಲೇ ಸಿದ್ಧವಾಗಿತ್ತು. ಪೆಲಿಗ್ರ್ ಅಣೆಕಟ್ಟಿನ ನೀರಿನಲ್ಲಿ ಹೊಲಗಳನ್ನು ಕಳೆದುಕೊಂಡ ರೈತರು ಗುಡ್ಡವೇರಿ ನೆಲಸಿದ ಊರದು. ವೈದ್ಯ ಪಾಲ್ ಫಾರ್ಮರ್ ಮತ್ತು ಅವರ ಸಂಗಡಿಗರು 1998ರಲ್ಲಿ ಅಲ್ಲಿ ಈ ಔಷಧವನ್ನು ಉಚಿತವಾಗಿ ಕೊಡತೊಡಗಿದರು. ಗಡಿಯಾರಗಳನ್ನು ಹಂಚಲಿಲ್ಲ, ನೆರೆಹೊರೆಯವರನ್ನೇ ಅಲ್ಪ ವೇತನದ ಮೇಲೆ ಜೊತೆಗಾರರನ್ನಾಗಿ ನೇಮಿಸಿದರು. ಜೊತೆಗಾರರು ದಿನವೂ ಕಾಲುದಾರಿ ಹಿಡಿದು ರೋಗಿಯ ಮನೆಗೆ ಹೋಗಿ, ಗುಳಿಗೆ ನುಂಗುವುದನ್ನು ಕಣ್ಣಾರೆ ಕಂಡು, ಕಷ್ಟಸುಖ ವಿಚಾರಿಸಿ ಬರುವರು. ಹಾಸಿಗೆ ಹಿಡಿದಿದ್ದವರು ಎದ್ದು ಹೊಲಕ್ಕೆ ಹೋದರು. ಮದ್ದುಂಟೆಂದು ತಿಳಿದ ಮೇಲೆ ಅಂಜಿಕೆ ತಗ್ಗಿ, ರಕ್ತಪರೀಕ್ಷೆಗೆ ಬರುವವರೂ ಹೆಚ್ಚಿದರು.

ಇನ್ನು ಬೆಲೆಯ ಮಾತು. ವರ್ಷಕ್ಕೆ 10,000 ಡಾಲರಿಗೂ ಮಿಗಿಲಾಗಿದ್ದ ಇದೇ ಔಷಧವನ್ನು ಮುಂಬಯಿಯ ಸಿಪ್ಲಾ ಸಂಸ್ಥೆಯು 2001ರ ಫೆಬ್ರವರಿಯಲ್ಲಿ ಬಡನಾಡುಗಳ ಸೇವಾಸಂಸ್ಥೆಗೆ 350 ಡಾಲರಿಗೆ ಕೊಡಲು ಮುಂದಾಯಿತು.

ಕಾಂಜ್‌ನ ರೋಗಿಗೆ ಗಂಟೆ ಎಷ್ಟೆಂಬ ಚಿಂತೆಯಿರಲಿಲ್ಲ. ನೆರೆಯಾಕೆ ಬಾಗಿಲಿಗೆ ಬಂದು ಕೂಗಿದಳೆಂದರೆ ಅದೇ ಗುಳಿಗೆಯ ಹೊತ್ತು.