ತಿರುಗಿಸಿ ನೋಡಿದರೂ ಚೆಂದ

ಹುಬ್ಬಳ್ಳಿ-ಧಾರವಾಡದ ಕಡೆ ಹಬ್ಬದ ಶುಭಾಶಯವನ್ನು ಬರಿಗೈಲಿ ಹೇಳುವ ರೂಢಿಯಿಲ್ಲ. ದಸರೆಗೆ ಬನ್ನಿಯ ಎಲೆ ಕೈಗಿಟ್ಟು ‘ಬನ್ನಿ ತೊಗೊಂಡು ಬಂಗಾರದ್ಹಂಗ ಇರೋಣ’ ಎನ್ನಬೇಕು. ಸಂಕ್ರಾಂತಿಗೆ ಕುಸುರೆಳ್ಳು. ಸಣ್ಣ ಉರಿಯ ಮೇಲೆ ಎಳ್ಳಿಗೆ ಸಕ್ಕರೆ ಪಾಕವನ್ನು ಹನಿಹನಿಯಾಗಿ ಉಣಿಸುತ್ತ, ಗಂಟೆಗಟ್ಟಲೆ ಕೈಯಾಡಿಸಿ, ಒಂದೊಂದು ಕಾಳಿಗೂ ಮುಳ್ಳು ಬರಿಸಿದ ಆ ಬಿಳಿ ಕುಸುರೆಳ್ಳನ್ನು ಓಣಿಯ ಮನೆಮನೆಗೆ ಹಂಚಬಹುದು. ಆದರೆ ಪುಣೆಯಲ್ಲಿ ನೌಕರಿ ಮಾಡುವ ಕಾಕಾಗೆ, ಲಗ್ನವಾಗಿ ಬೆಂಗಳೂರಿಗೆ ಹೋದ ಅಕ್ಕನಿಗೆ ಕೊಡುವುದು ಹೇಗೆ?

ಅದಕ್ಕೆ ಅಂಚೆಯಿತ್ತು. ಮೂರು ದಶಕಗಳ ಹಿಂದೆ ಜನವರಿ ಬಂತೆಂದರೆ ಅವಳಿ ನಗರದ ಪುಸ್ತಕದಂಗಡಿಗಳ ಮುಂದೆ ಹಗ್ಗ ಕಟ್ಟಿ ಬಣ್ಣಬಣ್ಣದ ಕಾರ್ಡುಗಳನ್ನು ತೂಗುಬಿಡುತ್ತಿದ್ದರು. ಕೊಳ್ಳಲು ದುಡ್ಡಿಲ್ಲದವರು, ಇದ್ದರೂ ಅದನ್ನು ಗಿರಮಿಟ್‌ಗೆಂದು ಉಳಿಸಿಕೊಂಡವರು, ಡ್ರಾಯಿಂಗ್ ಶೀಟು ಮಡಿಚಿ ತಾವೇ ಕಾರ್ಡು ಮಾಡುತ್ತಿದ್ದರು. ಒಳಗೆ ಒಂದು ಚಿಟಿಕೆ ಕುಸುರೆಳ್ಳು. ತಲುಪಿದ ಕಾರ್ಡು ರೇಡಿಯೋದ ಮೇಲೋ ಷೋಕೇಸಿನಲ್ಲೋ ಯುಗಾದಿಯವರೆಗೂ ನಿಂತಿರುತ್ತಿತ್ತು.

ನಿಲ್ಲುವುದು ಸಣ್ಣ ಮಾತಲ್ಲ. ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬಾತ 1843ರಲ್ಲಿ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಬರೆಸಿ ಮಾರಾಟಕ್ಕಿಟ್ಟ ಮೊದಲ ಕ್ರಿಸ್‌ಮಸ್ ಕಾರ್ಡಿಗೆ ಮಡಿಕೆಯೇ ಇರಲಿಲ್ಲ. ಅದೊಂದು ಚಪ್ಪಟೆ ರಟ್ಟು. ಗೋಡೆಗೆ ಆನಿಸದೆ ಅದು ನಿಲ್ಲುವಂತಿರಲಿಲ್ಲ. ನಡುವೆ ಒಂದು ಮಡಿಕೆ ಬಿದ್ದ ಮೇಲೆ ಕಾರ್ಡಿಗೆ ಎರಡು ಕಾಲು ಬಂದವು. ಜೊತೆಗೆ ಒಂದು ಬೆನ್ನೂ ಬಂತು. ಎಲ್ಲರೂ ಮುಖವನ್ನು ಸಿಂಗರಿಸಿ ಬೆನ್ನನ್ನು ಮರೆಯುತ್ತಾರೆ. ಈ ಬೆನ್ನಿನ ವಿಚಾರದಲ್ಲಿ ಧಾರವಾಡಕ್ಕೆ ಲೋಕಕ್ಕೆ ಹೇಳುವ ಮಾತೊಂದಿದೆ. ಅದರ ಹೆಸರು ಕಸೂತಿ.

ಬನ್ನಿ, ಸಾಮಾನು ಕೊಳ್ಳುತ್ತಲೇ ಹೋಗೋಣ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನಿಂತರೆ ಸುತ್ತಲಿನ ಗಲ್ಲಿಗಳಲ್ಲಿ ಸಿಗದ ವಸ್ತುವಿಲ್ಲ. ಬಳೆ, ಟಿಕಳಿ, ಕುಬಸದ ಖಣ, ಮಿರ್ಚಿಯ ಘಮ, ನಡುವೆ ದಾರಿ ಕೇಳುವ ಸೈಕಲ್ಲು. ನಮಗೆ ಬೇಕಾದದ್ದು ಮೂರೇ: ಎಳೆ ಎಣಿಸಲು ಬರುವಂಥ ಒರಟು ನೇಯ್ಗೆಯ ಮ್ಯಾಟಿ ಬಟ್ಟೆ ಕಾಲು ಮೀಟರು, ಕಸೂತಿ ದಾರದ ಎರಡು ಲಡಿ, ಮೊನೆ ಮೊಂಡಾದ ಸೂಜಿ. ‘ಎಷ್ಟ್ ಬೇಕ್ರಿ? ಕಾಲು ಮೀಟರ್ನ್ಯಾಗ ಏನ್ ಹೊಲೀತೀರಿ?’ ಎಂದು ಅಂಗಡಿಯವರು ನಕ್ಕರೆ ನಗಲಿ. ಕಾಲು ಮೀಟರಿನಲ್ಲಿ ಒಂದು ತರಗತಿಯ ಅರ್ಧ ಮಕ್ಕಳಿಗೆ ಸಾಕಾಗುವಷ್ಟು ಕಾರ್ಡುಗಳಿವೆ. ಬಣ್ಣ ಆರಿಸುವಾಗ ಅಂಜಬೇಡಿ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕೆಂಪು, ಹಸಿರು, ಹಳದಿ, ಬಿಳಿ ಎಲ್ಲವನ್ನೂ ಒಟ್ಟಿಗೆ ಇಟ್ಟ ನಾಡು ಇದು.

ಕಾಗದಕ್ಕೆ ಹೊಸ ಹಾಳೆಯೇ ಆಗಬೇಕೆಂದಿಲ್ಲ. ಅವಳಿ ನಗರದ ಯಾವ ಮನೆಯ ಮಾಡದಲ್ಲಿ ಹಳೆಯ ಲಗ್ನಪತ್ರಿಕೆಗಳ ಕಟ್ಟು ಇಲ್ಲ, ಹೇಳಿ! ದಪ್ಪ ಕಾಗದ, ಒಂದು ಮಗ್ಗುಲು ಖಾಲಿ. ಮಡಿಕೆಯ ಪಾಠಕ್ಕೆ ಮಾತ್ರ ಪೇಡೆಯ ಡಬ್ಬಿಯನ್ನು ಬಿಚ್ಚಿ ಹರಡಿ ನೋಡಿ. ಪೇಡೆ ಮುಗಿದ ಮೇಲೆ, ಅನ್ನಿ! ಮಡಿಯಬೇಕಾದಲ್ಲೆಲ್ಲ ಮೊದಲೇ ಗೀರು ಒತ್ತಿರುತ್ತದೆ. ಗೀರಿಲ್ಲದೆ ಮಡಿಚಿದ ದಪ್ಪ ಕಾಗದ ಬಿರಿಯುತ್ತದೆ, ಸೊಟ್ಟಗಾಗುತ್ತದೆ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರು. 1962ರಲ್ಲಿ ಎರಡೂ ಊರು ಒಂದೇ ಮಹಾನಗರಪಾಲಿಕೆಯಾದವು. 2018ರಿಂದ ನಡುವೆ ‘ಚಿಗರಿ’ ಬಸ್ಸು ಓಡುತ್ತಿದೆ. ಅವಸರವಿಲ್ಲದವರು ಉಣಕಲ್ಲಿನಲ್ಲಿ ಇಳಿಯಲಿ. ಕೆರೆ ಎಲ್ಲರಿಗೂ ಗೊತ್ತು. ಊರೊಳಗಿನ ಚಂದ್ರಮೌಳೇಶ್ವರ ಗುಡಿಯನ್ನು ನೋಡಿದವರು ಕಡಿಮೆ. ಚಾಲುಕ್ಯ ಶೈಲಿಯ ಈ ಗುಡಿಯ ಗೋಡೆ ನೇರವಾಗಿ ಓಡದೆ ಮೂಲೆಮೂಲೆಯಾಗಿ ಒಳಗೆ ಹೊರಗೆ ಮಡಿಯುತ್ತ ಸಾಗುತ್ತದೆ. ಮಕ್ಕಳ ಕೈಗೆ ಚೌಕಳಿ ವಹಿ ಕೊಟ್ಟು ಅದರ ಅಂಚನ್ನು ಚೌಕದ ಗೆರೆಗಳ ಮೇಲಷ್ಟೇ ಬರೆಯಲು ಹೇಳಿ. ಬರುವುದು ಮೆಟ್ಟಿಲು ಮೆಟ್ಟಿಲಾದ ಗೆರೆ. ಕಸೂತಿಯಲ್ಲಿ ಅದಕ್ಕೊಂದು ಹೆಸರೇ ಇದೆ: ಮುರಗಿ.

ಕಸೂತಿಯ ಹೊಲಿಗೆಗಳು ನಾಲ್ಕು. ಗವಂತಿ, ಮುರಗಿ, ನೇಗಿ, ಮೆಂತೆ. ನೇಗಿ ನೇಯ್ಗೆಯನ್ನು ಹೋಲುತ್ತದೆ. ಮೆಂತೆ ಎಂದರೆ ಕತ್ತರಿ ಹೊಲಿಗೆ, ಚಿತ್ರದೊಳಗೆ ತುಂಬಲು. ಇವೆರಡರ ಬೆನ್ನು ಮುಖದಂತಿರುವುದಿಲ್ಲ. ನಮ್ಮ ಕಾರ್ಡಿಗೆ ಬೇಕಾದವು ಮೊದಲ ಎರಡು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಎಂದು ಬಿಟ್ಟುಬಿಟ್ಟು ಸಾಗುತ್ತದೆ. ಮರಳುವಾಗ ಅದೇ ದಾರಿಯಲ್ಲಿ ಬಂದು ಬಿಟ್ಟ ಮನೆಗಳನ್ನು ತುಂಬುತ್ತದೆ. ಮೇಲೆ ಖಾಲಿಯಿದ್ದಲ್ಲಿ ಕೆಳಗೆ ದಾರವಿತ್ತು, ಕೆಳಗೆ ಖಾಲಿಯಿದ್ದಲ್ಲಿ ಮೇಲೆ. ಎರಡು ಸಲ ಹಾದ ಮೇಲೆ ಎರಡೂ ಮಗ್ಗುಲು ತುಂಬಿ, ಬಟ್ಟೆಗೆ ಹಿಂಬದಿಯೇ ಇಲ್ಲದಂತಾಗುತ್ತದೆ. ಮುರಗಿ ಇದೇ ನಡಿಗೆಯಲ್ಲಿ ಮೆಟ್ಟಿಲು ಹತ್ತುತ್ತದೆ. ಗಂಟು ಹಾಕುವಂತಿಲ್ಲ; ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತೆಯೂ ಇಲ್ಲ. ಗೋಪುರವಾಗಲಿ, ತುಳಸಿಕಟ್ಟೆಯಾಗಲಿ, ಅಂಬಾರಿ ಹೊತ್ತ ಆನೆಯಾಗಲಿ, ಎಲ್ಲವೂ ಎಳೆಗಳ ಎಣಿಕೆಯಿಂದಲೇ ಹುಟ್ಟಬೇಕು.

‘ಇದರಿಂದ ಮಾರ್ಕ್ಸು ಬರತಾವೇನ್ರಿ?’ ಎಂದು ಕೇಳುವ ತಂದೆ-ತಾಯಿಯರಿಗೆ ಒಂದು ಮಾತು. ಗಣಿತಜ್ಞ ಆಯ್ಲರ್ 1736ರಲ್ಲಿ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಲೆಕ್ಕ ಬಿಡಿಸಿದ. ಪ್ರತಿ ಸೇತುವೆಯನ್ನೂ ಒಮ್ಮೆ ಮಾತ್ರ ದಾಟಿ ಇಡೀ ಊರು ಸುತ್ತಲು ಸಾಧ್ಯವಿಲ್ಲ ಎಂದು ತೋರಿಸಿದ. ಪ್ರತಿ ಸೇತುವೆಯನ್ನೂ ಸರಿಯಾಗಿ ಎರಡು ಸಲ ದಾಟಬಹುದು ಎಂದಿದ್ದರೆ? ಆಗ ಯಾವ ಊರನ್ನಾದರೂ ಸುತ್ತಿ ಹೊರಟಲ್ಲಿಗೇ ಮರಳಬಹುದು. ಗವಂತಿ ಮಾಡುವುದು ಇದನ್ನೇ. ಕೊಂಬೆಗೆ ಹೋಗು, ತುದಿ ಮುಟ್ಟು, ಮರಳಿ ಬಾ, ಮುಂದಿನ ಕೊಂಬೆಗೆ ಹೋಗು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರು ಈ ದಾರಿಯನ್ನು ತಲೆಯಲ್ಲೇ ಹಾಕುತ್ತಿದ್ದರು. ಏಳನೆಯ ತರಗತಿಯ ಹುಡುಗನಾಗಲಿ ಹುಡುಗಿಯಾಗಲಿ ಚೌಕಳಿ ವಹಿಯಲ್ಲಿ ಹೋಗುವ ದಾರಿಯನ್ನು ನೀಲಿ ಪೆನ್ಸಿಲಿನಿಂದ, ಬರುವ ದಾರಿಯನ್ನು ಕೆಂಪಿನಿಂದ ಬರೆದು ನೋಡಲಿ. ಹುಡುಗನಾಗಲಿ ಎಂದದ್ದು ಬೇಕೆಂದೇ. ಎಳೆ ಎಣಿಸುವ ಕಣ್ಣು ಹುಡುಗಿಯರಿಗೆ ಮಾತ್ರ ಬಂದದ್ದಲ್ಲ.

ಈಗ ಧಾರವಾಡ. ಮಾಳಮಡ್ಡಿಯ ಹಳೆಯ ಮನೆಗಳ ಹಿರಿಯರಿಗೆ ಕಸೂತಿಯ ತುಂಡು ಕೊಟ್ಟು ನೋಡಿ. ಮೊದಲು ಮುಂದೆ ನೋಡುವುದಿಲ್ಲ. ‘ಹಿಂದ ತಿರುವಿ ತೋರಸವಾ’ ಎನ್ನುತ್ತಾರೆ. ಆ ಒಂದು ನೋಟದಲ್ಲಿ ಕೈಯೋ ಯಂತ್ರವೋ ತಿಳಿದುಹೋಗುತ್ತದೆ. ಯಂತ್ರದ ಕಸೂತಿಯ ಬೆನ್ನು ಬೇರೆ. ಅಚ್ಚು ಹಾಕಿದ ‘ಕಸೂತಿ’ಗಂತೂ ಬೆನ್ನಿನಲ್ಲಿ ಏನೂ ಇರುವುದಿಲ್ಲ. ಭೌಗೋಳಿಕ ಸೂಚಕ ಮಾನ್ಯತೆ ಕಸೂತಿಗೆ ಸಿಕ್ಕಿದೆ, ಒಳ್ಳೆಯದೇ. ಆದರೆ ಒಂದು ಸೀರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕುಳಿತವಳಿಗೆ ಸಿಗುವ ಕೂಲಿ ಕೊಳ್ಳುವವರ ಕಣ್ಣಿನ ಮೇಲೆ ನಿಂತಿದೆ. ತಿರುವಿ ನೋಡಲು ಬಾರದವನು ಯಂತ್ರದ ಬೆಲೆಗೇ ಕೈಗೆಲಸವನ್ನೂ ಕೇಳುತ್ತಾನೆ. ಸೀರೆ ಹಾಕಲು ಮಕ್ಕಳಿಗೆ ಹೇಳಲಾಗದು. ಆರು ಸೆಂಟಿಮೀಟರು ಚೌಕದ ಒಂದು ಗೋಪುರ ಹಾಕಲು ಹೇಳಬಹುದು. ನಾಲ್ಕು ಸಂಜೆಯ ಕೆಲಸ. ಒಮ್ಮೆ ಹಾಕಿದವರು ಮುಂದೆ ಅಂಗಡಿಯಲ್ಲಿ ಬಟ್ಟೆ ತಿರುವದೆ ಬಿಡರು.

ಸಾಮಾನ್ಯವಾಗಿ ಕಸೂತಿ ಕಾರ್ಡು ಮಾಡುವವರು ಮುಂದಿನ ಹಾಳೆಗೆ ಕಿಟಕಿ ಕೊಯ್ದು, ಬಟ್ಟೆ ಅಂಟಿಸಿ, ಹಿಂದೆ ಇನ್ನೊಂದು ಹಾಳೆ ಮುಚ್ಚಿಬಿಡುತ್ತಾರೆ. ನನಗೆ ಇದು ಅನ್ಯಾಯವೆನ್ನಿಸುತ್ತದೆ. ಕಸೂತಿಯ ಅರ್ಧ ಜಾಣ್ಮೆಗೆ ಪರದೆ ಎಳೆದಂತೆ! ಎರಡೂ ಕಡೆ ಕಿಟಕಿ ತೆರೆಯುವ ಉಪಾಯ ಹೀಗಿದೆ.

30 ಸೆಂಟಿಮೀಟರು ಉದ್ದ, 15 ಸೆಂಟಿಮೀಟರು ಎತ್ತರದ ಹಾಳೆ ತೆಗೆದುಕೊಂಡು 10 ಮತ್ತು 20ರಲ್ಲಿ ಗುರುತು ಹಾಕಿ. ಮೂರು ಮಗ್ಗುಲಾದವು. ಹಾಳೆಯ ನಾರಿನ ದಿಕ್ಕು ಮಡಿಕೆಯ ಜೊತೆಗೇ ಮೇಲಿಂದ ಕೆಳಗೆ ಓಡಬೇಕು. ತಿಳಿಯುವುದು ಸುಲಭ: ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಗ್ಗಿಸಿ, ಯಾವ ಕಡೆ ಹಗುರವಾಗಿ ಬಾಗುತ್ತದೋ ಆ ಬಾಗಿನ ಗೆರೆಯೇ ನಾರಿನ ದಿಕ್ಕು. ಕೈಕಾಗದದಲ್ಲಿ ನಾರು ಎಲ್ಲ ಕಡೆಗೂ ಚದುರಿರುವುದರಿಂದ ಈ ಚಿಂತೆಯಿಲ್ಲ. ಮಸಿ ತೀರಿದ ರಿಫಿಲ್ಲಿನಿಂದ ಪಟ್ಟಿಯಿಟ್ಟು ಗೀರಿ. ಗೀರಿನ ತಗ್ಗು ಹೊರಗೆ, ಉಬ್ಬು ಒಳಗೆ ಬರುವಂತೆ ಮಡಿಚಬೇಕು. ಹಲವರು ತಿರುವುಮುರುವು ಮಾಡಿ, ಮಡಿಕೆ ಬಿರಿಯಿತೆಂದು ಕಾಗದವನ್ನು ಬೈಯುತ್ತಾರೆ.

ಮೊದಲ ಎರಡು ಮಗ್ಗುಲಿನಲ್ಲಿ, ಒಂದೇ ಎತ್ತರದಲ್ಲಿ, ಎಡಬಲಕ್ಕೆ ಎರಡೆರಡು ಸೆಂಟಿಮೀಟರು ಬಿಟ್ಟು ಆರು ಸೆಂಟಿಮೀಟರಿನ ಕಿಟಕಿ ಕೊಯ್ಯಿರಿ. ಬ್ಲೇಡಿನ ಕೆಲಸ ಮಾತ್ರ ದೊಡ್ಡವರದು. ಎಂಟು ಸೆಂಟಿಮೀಟರು ಚೌಕದ ಬಟ್ಟೆಯ ನಡುವೆ ಹೊಲಿಗೆ ಬರಲಿ. ಅದನ್ನು ನಡುವಿನ ಮಗ್ಗುಲಿನ ಕಿಟಕಿಗೆ ಒಳಗಡೆಯಿಂದ ಅಂಟಿಸಿ, ಮೊದಲ ಮಗ್ಗುಲನ್ನು ಅದರ ಮೇಲೆ ಮಡಿಚಿ ಒತ್ತಿ. ಮಡಿಚುವ ಮುನ್ನ ಮೊದಲ ಮಗ್ಗುಲಿನ ಹೊರ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿದರೆ ಅದು ಎರಡನೆಯ ಮಡಿಕೆಗೆ ತಾಗುವುದಿಲ್ಲ. ಅಂಟು ತೆಳ್ಳಗಿರಲಿ, ಫೆವಿಕಾಲ್ ಹೆಚ್ಚಾದರೆ ಬಟ್ಟೆಯೊಳಗೆ ಹರಿದು ಕಲೆಯಾಗುತ್ತದೆ. ಒಂದು ರಾತ್ರಿ ಶಬ್ದಕೋಶದ ಕೆಳಗಿಡಿ. ಧಾರವಾಡದ ಮಳೆಗಾಲದಲ್ಲಿ ಎರಡು ರಾತ್ರಿ ಬೇಕಾದೀತು.

ಮೂರನೆಯ ಮಗ್ಗುಲು ಬರೆಯಲು, ನಿಲ್ಲಿಸಲು. ಪುಸ್ತಕ ಅರೆತೆರೆದಷ್ಟೇ ತೆರೆದಿಡಿ; ತೀರ ಅಗಲಿಸಿದರೆ ಫ್ಯಾನಿನ ಗಾಳಿಗೆ ಮಗುಚುತ್ತದೆ. ಕಿಟಕಿಯ ಹಿಂದೆ ಬೆಳಕಿದ್ದರೆ ಗೋಪುರ ಎರಡೂ ಕಡೆಯಿಂದ ಒಂದೇ ಆಗಿ ಕಾಣುತ್ತದೆ. ಅಜ್ಜ ಆರಾಮಕುರ್ಚಿಯಿಂದ ನೋಡಲಿ, ಅಜ್ಜಿ ದೇವರ ಕೋಣೆಯಿಂದ ನೋಡಲಿ, ಇಬ್ಬರಿಗೂ ಮುಖವೇ.

ಸೂಟಿಯ ಮನೆಗೆಲಸಕ್ಕೆ ಮಾಡುವುದಾದರೆ ಪಾಲಕರಲ್ಲಿ ವಿನಂತಿ: ಸೂಜಿಯನ್ನು ನೀವು ಕಸಿದುಕೊಳ್ಳಬೇಡಿ. ಹನ್ನೆರಡು ವರ್ಷದ ಕೈಯ ಗೋಪುರದಲ್ಲಿ ಕಳಸ ಒಂದೆಳೆ ಸರಿದಿರುತ್ತದೆ, ಇರಲಿ. ತಾಯಿ ಹೊಲಿದು ಮಗಳ ಹೆಸರು ಬರೆದ ಕಾರ್ಡು ಶಾಲೆಯ ಪ್ರದರ್ಶನದಲ್ಲಿ ಮೇಜಿನ ಮೊದಲ ಸಾಲಿನಲ್ಲಿ ಕೂರುತ್ತದೆ ನಿಜ. ಸರಿದ ಕಳಸ ಯಾರದು ಎಂದು ಮಾತ್ರ ಗುರುಗಳಿಗೆ ಹೇಳದೆಯೂ ಗೊತ್ತಾಗುತ್ತದೆ.

ಇನ್ನು ಅಂಚೆಗೆ ಹಾಕುವುದು. ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ ಬರುತ್ತದೆ. ವಾರ ಮೊದಲೇ ಕಳಿಸಿ. ಎರಡು ತೆಳುವಾದ ರಟ್ಟಿನ ನಡುವೆ ಕಾರ್ಡಿಟ್ಟು ಲಕೋಟೆಗೆ ಹಾಕಬೇಕು. ಕುಸುರೆಳ್ಳನ್ನು ಬಟ್ಟೆಯ ಹತ್ತಿರ ಬಿಡಬೇಡಿ. ಸಕ್ಕರೆ ಕರಗಿದರೆ ದಾರದ ಬಣ್ಣ ಹೋಗುತ್ತದೆ, ಇರುವೆಯೂ ಬರುತ್ತದೆ. ಸಣ್ಣ ಪೊಟ್ಟಣ ಕಟ್ಟಿ, ಅಂಚೆಚೀಟಿಯಿಂದ ದೂರ, ಕೆಳಗಿನ ಮೂಲೆಯಲ್ಲಿಡಿ. ಮುದ್ರೆ ಬೀಳುವುದು ಚೀಟಿಯ ಮೇಲೆ. ಅಲ್ಲಿಟ್ಟ ಕುಸುರೆಳ್ಳು ಪುಣೆಗೆ ಮುಟ್ಟುವ ಹೊತ್ತಿಗೆ ಹಿಟ್ಟಾಗಿರುತ್ತದೆ.