ನೀರು ಹರಿಯದ ಸೇತುವೆ

ಸಂಸ್ಕೃತದಲ್ಲಿ ‘ಸೇತು’ ಎಂಬ ಶಬ್ದಕ್ಕೆ ಕಟ್ಟೆಯೆಂದೂ ಸೇತುವೆಯೆಂದೂ ಎರಡರ್ಥಗಳುಂಟು. ಕಟ್ಟುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದ ಪದವಿದು. ನೀರನ್ನು ತಡೆದು ನಿಲ್ಲಿಸುವುದೂ ಸೇತುವೇ, ನೀರನ್ನು ದಾಟಿಸುವುದೂ ಸೇತುವೇ. ಪಾಠಶಾಲೆಯಲ್ಲಿ ಬಹುಕಾಲ ಹುಡುಗರಿಗೆ ಇದನ್ನು ಹೇಳಿಕೊಟ್ಟೆವು. ಆ ಎರಡರ್ಥಗಳೂ ಒಂದೆಡೆ ಕಣ್ಣಿಗೆ ಬಿದ್ದುದು ತುಂಗಭದ್ರೆಯ ದಡದಲ್ಲಿ.

ಹಂಪೆಗೆ ಹೋದವರು ವಿರೂಪಾಕ್ಷನ ಗೋಪುರವನ್ನೂ ವಿಠ್ಠಲನ ಕಲ್ಲಿನ ರಥವನ್ನೂ ನೋಡಿ ಮರಳುವುದು ವಾಡಿಕೆ. ಹೊಳೆಯ ಆಚೆಗೆ, ವಿರೂಪಾಪುರಗಡ್ಡೆಯ ಕಡೆಯಲ್ಲಿ, ಕಲ್ಲುಗಂಬಗಳ ಸಾಲೊಂದು ನಿಂತಿದೆ. ಜನರು ಅದನ್ನು ಬುಕ್ಕರಾಯನ ಹೆಸರಿನಿಂದ ಕರೆಯುವರು. ಅದು ಮನುಷ್ಯರು ದಾಟುವುದಕ್ಕೆಂದು ಕಟ್ಟಿದ್ದಲ್ಲ. ಕಂಬಗಳ ತಲೆಯ ಮೇಲೆ ಕಾಲುವೆಯನ್ನು ಹೊತ್ತು ನೀರನ್ನೇ ದಾಟಿಸುವುದಕ್ಕೆಂದು ಕಟ್ಟಿದ್ದು. ಈಗ ಅದರಲ್ಲಿ ಹನಿ ನೀರೂ ಹರಿಯದು. ವಿಠ್ಠಲ ದೇವಾಲಯದ ಸಮೀಪದಲ್ಲಿ ಹೊಳೆಯ ಪಾತ್ರದೊಳಗೆ ಮತ್ತೊಂದು ಹಳೆಯ ಸೇತುವೆಯಿದ್ದಿತು; ಅದರ ಕಂಬಗಳು ಉಳಿದಿವೆ, ಮೇಲಣ ದಾರಿಯಿಲ್ಲ.

ಇಷ್ಟನ್ನೇ ಕಂಡವರು ಕಾಲಮಹಿಮೆಯೆಂದು ನಿಟ್ಟುಸಿರು ಬಿಡಬಹುದು. ಆದರೆ ಅನತಿದೂರದಲ್ಲಿಯೇ ವಿಜಯನಗರದ ಅರಸರ ಕಾಲದ ತುರುತ್ತು ಕಾಲುವೆಯು ಇಂದಿಗೂ ಹರಿಯುತ್ತ ಬತ್ತದ ಗದ್ದೆಗಳಿಗೂ ಬಾಳೆಯ ತೋಟಗಳಿಗೂ ನೀರುಣಿಸುತ್ತಿದೆ. 1953ರಲ್ಲಿ ಮೇಲುಗಡೆ ದೊಡ್ಡ ಅಣೆಕಟ್ಟು ಮುಗಿದು ಹೊಳೆಯ ನಡೆಯೇ ಬದಲಾಯಿತು; ಆದರೂ ಆ ಕಾಲುವೆ ಬತ್ತಲಿಲ್ಲ. ಹೊಳೆಯೂ ಒಂದೇ, ಕಲ್ಲೂ ಒಂದೇ. ಒಂದು ಸತ್ತು ಒಂದು ಬದುಕಿದುದೇಕೆ? ಬದುಕಿದುದರ ಕೆಳಗೆ ಬೆಳೆಯಿದ್ದಿತು. ಬೆಳೆಯಿದ್ದುದರಿಂದ ಹೂಳು ತೆಗೆಯುವ ಕೈಗಳಿದ್ದುವು. ನಮಗೆ ತೋರುವ ಕಾರಣವಿಷ್ಟೆ.

ಬುಕ್ಕರಾಯನ ಮಗನಾದ ಭಾಸ್ಕರನು ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ, 1369ರಲ್ಲಿ ಸಂಸ್ಕೃತ ಶಾಸನವನ್ನು ನಿಲ್ಲಿಸಿದನು. ಕೆರೆಯನ್ನು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದ ಕಾಲವದು. ಸಂತಾನವೆಂದ ಮೇಲೆ ಹೆತ್ತರೆ ಸಾಲದು, ಸಾಕಬೇಕು.

ಹಾಗೆಂದು ಹಳೆಯದನ್ನು ಕಾಯುವುದೊಂದೇ ಧರ್ಮವೆನ್ನಲಾರೆವು. ಆನೆಗೊಂದಿಯವರು ಬಹುಕಾಲ ಹರಿಗೋಲನ್ನೇ ನಂಬಿ ಹೊಳೆ ದಾಟಿದವರು. ಮಳೆಗಾಲದಲ್ಲಿ ರೋಗಿಯನ್ನು ದಾಟಿಸಬೇಕಾದ ಮನೆಯವರಿಗೆ ಸೇತುವೆ ಬೇಕೆನಿಸಿದ್ದು ತಪ್ಪಲ್ಲ. ಅತ್ತ, ಹೊಸ ಸೇತುವೆಗಳಿಂದ ಹಂಪೆಗೆ ಕೇಡೆಂದು ಯುನೆಸ್ಕೋ ಸಂಸ್ಥೆಯು 1999ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿ, 2006ರಲ್ಲಿ ತೆಗೆಯಿತು. ಆ ಎಡೆಯಲ್ಲಿ ಕಟ್ಟುತ್ತಿದ್ದ ಸೇತುವೆಯು 2009ರ ಜನವರಿಯಲ್ಲಿ ಕುಸಿದು ಕೂಲಿಗೆ ಬಂದವರು ಪ್ರಾಣ ತೆತ್ತರು. ಹಂಪೆಯ ಸೇತುವೆಗಳ ಕಥೆಯನ್ನು ಹೇಳುವವರು ಅರಸರ ಹೆಸರುಗಳೊಡನೆ ಈ ಕೂಲಿಯವರನ್ನೂ ನೆನೆಯಬೇಕು.

ನಮ್ಮ ಮನೆಗಳ ಹಿತ್ತಲಿನಲ್ಲಿಯೂ ಒಂದೊಂದು ಸಣ್ಣ ಹಂಪೆಯುಂಟು. ನಲ್ಲಿ ಬಂದಂದಿನಿಂದ ಬಾವಿಗೆ ಹಲಗೆ ಮುಚ್ಚಿ ಕಸ ತುಂಬಿದವರೆಷ್ಟು ಮಂದಿ! ನೀರಿದ್ದರೆ ವರ್ಷಕ್ಕೊಮ್ಮೆಯಾದರೂ ಅದರ ಹೂಳೆತ್ತಿಸೋಣ. ಮನೆಯ ಮಕ್ಕಳ ಕೈಗೆ ಹಗ್ಗ ಕೊಟ್ಟು ಎರಡು ಕೊಡ ಸೇದಿಸೋಣ. ಬಾವಿಯೂ ಉಳಿಯುವುದು, ಮಕ್ಕಳಿಗೆ ಅದರ ಗುರುತೂ ಆಗುವುದು.